ಕಪಾಟಿನೊಳಗಿನ ಕಾಡು

ಆಷಾಢದ ಮಳೆ ಹಿಡಿದರೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ. ಜಗಲಿಯ ಹಗ್ಗದ ಮೇಲೆ, ಅಟ್ಟದ ಗಳದ ಮೇಲೆ, ಬಚ್ಚಲ ಒಲೆಯ ಮೇಲಿನ ಬಿದಿರಿನ ಮೇಲೆ ಒದ್ದೆ ಅರಿವೆಗಳು ದಿನಗಟ್ಟಲೆ ತೂಗುತ್ತಿರುತ್ತವೆ. ಆರಿದ್ರಾ ಮಳೆಯಲ್ಲಿ ಒಗೆದ ಅಂಗಿ ಪುನರ್ವಸುವಿನ ಹೊತ್ತಿಗೆ ಒಣಗಿದರೆ ಅದೇ ಭಾಗ್ಯ ಎಂದು ಹಿರಿಯರು ನಗೆಯಾಡುವುದುಂಟು. ಪೆಟ್ಟಿಗೆ ತೆರೆದರೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಇರುವ ಬಟ್ಟೆಯೇ ಹೊರೆಯಾಗಿ ಕಾಣುವ ಇದೇ ತಿಂಗಳಿನಲ್ಲಿ ಘಟ್ಟದ ಮೇಲಿನ ಪೇಟೆಗಳ ಅಂಗಡಿ ಅಂಗಡಿಯ ಮುಂದೆ ಆಷಾಢದ ರಿಯಾಯಿತಿ ಮಾರಾಟದ ಫಲಕಗಳು ಏಳುತ್ತವೆ. ಎರಡು ಕೊಂಡರೆ ಒಂದು ಉಚಿತವೆಂಬ ಘೋಷಣೆ ಬಸ್ ನಿಲ್ದಾಣದವರೆಗೂ ಕೇಳಿಸುತ್ತದೆ. ಈಚಿನ ವರ್ಷಗಳಲ್ಲಿ ಪೇಟೆಯವರೆಗೆ ಹೋಗುವ ಶ್ರಮವೂ ತಪ್ಪಿದೆ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಮೊಬೈಲಿನಲ್ಲಿ ಬೆರಳಾಡಿಸಿದರೆ ನಾಲ್ಕಾರು ದಿನಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಅಂಗಿ ಊರಿನ ಕೂಡುರಸ್ತೆಗೆ ಬಂದು ನಿಲ್ಲುತ್ತದೆ.

ಬಟ್ಟೆಯ ಮಾತು ಪರಿಸರದ ಪತ್ರಿಕೆಗೆ ಏಕೆ ಎಂಬ ಪ್ರಶ್ನೆ ಕೆಲವರಲ್ಲಿ ಮೂಡಬಹುದು. ಅಣೆಕಟ್ಟು, ಗಣಿಗಾರಿಕೆ, ಹೆದ್ದಾರಿ, ಏಕಜಾತಿಯ ನೆಡುತೋಪುಗಳ ವಿಷಯದಲ್ಲಿ ಮಲೆನಾಡಿಗರು ದಶಕಗಳಿಂದ ದನಿಯೆತ್ತುತ್ತ ಬಂದಿದ್ದಾರೆ. ಉಡುವ ತೊಡುವ ಮಾತು ಅವುಗಳ ಮುಂದೆ ಅಲ್ಪವೆನಿಸುವುದು ಸಹಜ. ಆದರೆ ಈ ನೆಲದ ಒಂದು ದೊಡ್ಡ ಹೋರಾಟದ ಮೂಲದಲ್ಲಿ ಇದ್ದದ್ದು ಬಟ್ಟೆಯೇ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಬಹುಶಃ ಕೇಳಿರಲಾರರು. ಅದನ್ನು ನೆನಪಿಸಿಕೊಳ್ಳುವುದು ಈ ಸಂದರ್ಭದಲ್ಲಿ ಉಚಿತ.

1984ರಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿದ್ದ ರೇಯಾನ್ ತಿರುಳಿನ ಕಾರ್ಖಾನೆ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರು ಸಾಮುದಾಯಿಕ ಭೂಮಿಯನ್ನು ಅದಕ್ಕೆ ಒದಗಿಸುವ ಒಪ್ಪಂದವಾಯಿತು. ದನ ಮೇಯಿಸುವ ಬೇಣ, ಸೌದೆ ಸೊಪ್ಪು ತರುವ ಗುಡ್ಡ, ಬಡವರು ಜೇನು ಹಣ್ಣು ಆಯುವ ಕುರುಚಲು ಕಾಡು, ಇವೇ ಸರ್ಕಾರಿ ಕಡತದಲ್ಲಿ ಪಾಳುಭೂಮಿ ಎನಿಸಿಕೊಂಡಿದ್ದವು. ಸಮಾಜ ಪರಿವರ್ತನ ಸಮುದಾಯ ಮತ್ತು ಅದರ ನೇತಾರ ಎಸ್. ಆರ್. ಹಿರೇಮಠರು ಜನರನ್ನು ಸಂಘಟಿಸಿದರು. ಡಾ. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಅದು ಇತಿಹಾಸದಲ್ಲಿ ಉಳಿದಿದೆ. 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಆ ನೀಲಗಿರಿಯೆಲ್ಲ ಕೊನೆಗೆ ಏನಾಗಬೇಕಿತ್ತು? ನೂಲಾಗಬೇಕಿತ್ತು. ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವದಲ್ಲಿ ಕರಗಿಸಿ, ಸೂಕ್ಷ್ಮ ರಂಧ್ರಗಳ ಮೂಲಕ ಒತ್ತಿ ತೆಗೆದ ಎಳೆಯೇ ರೇಯಾನ್. ಈಗಿನ ಬಟ್ಟೆಗಳ ಒಳಚೀಟಿಯಲ್ಲಿ ವಿಸ್ಕೋಸ್, ಮೋಡಾಲ್ ಎಂಬ ಹೆಸರುಗಳಿಂದ ಅದರ ಬಂಧುಗಳು ಕಾಣಿಸಿಕೊಳ್ಳುತ್ತವೆ. ಮೈಗೆ ನುಣುಪಾಗಿ ಜಾರುವ ಕುರ್ತಾ ಕೊಳ್ಳುವ ತರುಣಿಗೆ ಅದು ಮರದಿಂದ ಬಂದದ್ದೆಂಬ ಅರಿವಿರುವುದಿಲ್ಲ. ಕುಸನೂರಿನವರು ಬೇಣಕ್ಕಾಗಿ ಹೋರಾಡಿದರು. ಆ ಬೇಣದ ಮೇಲೆ ಕಣ್ಣಿಟ್ಟಿದ್ದ ಬೇಡಿಕೆ ಮಾತ್ರ ಸಾವಿರಾರು ಮನೆಗಳ ಕಪಾಟಿನೊಳಗೆ ಹುಟ್ಟಿತ್ತು. ಒಂದು ಕಂಪೆನಿಯನ್ನು ಮುಚ್ಚಿಸಲು ಜನರಿಗೆ ಸಾಧ್ಯವಾಯಿತು. ಬೇಡಿಕೆ ಅಂದಿನಿಂದ ಇಂದಿನವರೆಗೆ ಬೆಳೆಯುತ್ತಲೇ ಬಂದಿದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಂದಿನಿಂದ ಈ ಸೀಮೆಯ ಚಳವಳಿಗೆ ಮೂರು ಪದಗಳು ದಾರಿದೀಪವಾಗಿವೆ: ಉಳಿಸು, ಬೆಳೆಸು, ಬಳಸು. ಕಾಡನ್ನು ಉಳಿಸುವ ಕೆಲಸವನ್ನು ಜನ ತಕ್ಕಮಟ್ಟಿಗೆ ಮಾಡಿದ್ದಾರೆ. ಬೆಳೆಸುವ ಕೆಲಸವೂ ನರ್ಸರಿ, ಸೊಪ್ಪಿನ ಬೆಟ್ಟ, ದೇವರಕಾಡುಗಳಲ್ಲಿ ನಡೆದಿದೆ. ಮೂರನೆಯ ಪದ ಮಾತ್ರ ಹಿಂದುಳಿದಿದೆ. ಬಳಸು ಎಂದರೆ ವಿವೇಕದಿಂದ, ಮಿತವಾಗಿ, ಕೊನೆಯವರೆಗೆ ಬಳಸು ಎಂಬ ಅರ್ಥ. ಅದನ್ನು ಸೌದೆಗೂ ಸೊಪ್ಪಿಗೂ ಅನ್ವಯಿಸಿದವರು ಮೈಮೇಲಿನ ಬಟ್ಟೆಗೆ ಅನ್ವಯಿಸಲು ಮರೆತರು.

ಅಂಕಿ ಅಂಶಗಳು ಈ ಮರೆವಿನ ಗಾತ್ರವನ್ನು ತಿಳಿಸುತ್ತವೆ. 1975ರಲ್ಲಿ ಜಗತ್ತಿನ ಒಟ್ಟು ನೂಲಿನ ಉತ್ಪಾದನೆಯನ್ನು ತಲಾವಾರು ಹಂಚಿದರೆ ಸುಮಾರು 8 ಕಿಲೋ ಆಗುತ್ತಿತ್ತು. 2021ರ ಹೊತ್ತಿಗೆ ಅದು 14 ಕಿಲೋ ಮೀರಿತು. ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ 2017ರ ವರದಿಯಂತೆ, 2000ದಿಂದ 2015ರವರೆಗಿನ ಹದಿನೈದೇ ವರ್ಷಗಳಲ್ಲಿ ಉಡುಪಿನ ಉತ್ಪಾದನೆ ಸರಿಸುಮಾರು ಇಮ್ಮಡಿಯಾಯಿತು. ಅದೇ ಅವಧಿಯಲ್ಲಿ ಒಂದು ಉಡುಪನ್ನು ಎಸೆಯುವ ಮುನ್ನ ತೊಡುವ ಸಲಗಳ ಸಂಖ್ಯೆ ಶೇಕಡ 36ರಷ್ಟು ಕುಸಿಯಿತು. ಹಳೆಯ ಬಟ್ಟೆಯಿಂದ ಮತ್ತೆ ಹೊಸ ಬಟ್ಟೆಯಾಗುವ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ. ಮರುಬಳಕೆಯ ಕಾರ್ಖಾನೆಗಳು ಎಲ್ಲವನ್ನೂ ನೋಡಿಕೊಳ್ಳುತ್ತವೆ ಎಂದು ನೆಮ್ಮದಿಯಿಂದಿರುವವರು ಈ ಕೊನೆಯ ಅಂಕಿಯನ್ನು ಗಮನಿಸಬೇಕು.

ಹತ್ತಿ ನಿರಪಾಯಕಾರಿ, ಉಳಿದದ್ದೆಲ್ಲ ಅಪಾಯಕಾರಿ ಎಂದು ವಿಂಗಡಿಸಿಬಿಡುವುದೂ ಸರಿಯಲ್ಲ. ಜಗತ್ತಿನ ಸರಾಸರಿಯಂತೆ ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ ಮಳೆನೀರು, ನೀರಾವರಿ ಎಲ್ಲವೂ ಸೇರಿ ಸುಮಾರು 10,000 ಲೀಟರ್ ನೀರಿನ ಲೆಕ್ಕವಿದೆ. ಕಾಲು ಕಿಲೋ ತೂಗುವ ಒಂದು ಅಂಗಿಗೆ 2,500 ಲೀಟರ್ ಎಂದಾಯಿತು. ಮಧ್ಯ ಏಷ್ಯಾದ ಅರಲ್ ಸಮುದ್ರ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೆಯ ಅತಿದೊಡ್ಡ ಸರೋವರವಾಗಿತ್ತು. 1960ರ ದಶಕದಿಂದ ಅದಕ್ಕೆ ನೀರುಣಿಸುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಮುಖ್ಯವಾಗಿ ಹತ್ತಿಯ ಹೊಲಗಳತ್ತ ತಿರುಗಿಸಿದ ಪರಿಣಾಮವಾಗಿ ಅದು ಬತ್ತಿ ಉಪ್ಪಿನ ಮರುಭೂಮಿಯಾಯಿತು. ಭಾರತದಲ್ಲಿ 1990ರ ದಶಕದಲ್ಲಿ ಸಾಗುವಳಿ ಭೂಮಿಯ ಶೇಕಡ 5ರ ಆಸುಪಾಸಿನಲ್ಲಿದ್ದ ಹತ್ತಿಯೊಂದೇ ದೇಶದ ಕೀಟನಾಶಕದ ಸುಮಾರು ಅರ್ಧ ಪಾಲನ್ನು ಹೀರುತ್ತಿತ್ತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತಾಗ ಈ ವಿಷದ ಕಥೆ ಮುಗಿಯಿತೆಂದು ಹೇಳಲಾಯಿತು. ಗುಲಾಬಿ ಕಾಯಿಕೊರಕ ಹುಳು ಬಿಟಿಗೂ ಒಗ್ಗಿಕೊಂಡಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದ 20ರಷ್ಟು ರೈತರು, ಕೂಲಿಕಾರರು ವಿಷವೇರಿ ಸತ್ತರು.

ಧಾರವಾಡ ಸೀಮೆಯ ಹತ್ತಿಗೂ ಮಲೆನಾಡಿಗೂ ಹಳೆಯ ನಂಟಿದೆ. 19ನೆಯ ಶತಮಾನದಲ್ಲಿ ಅಲ್ಲಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರು ಸೇರುತ್ತಿತ್ತು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿದ್ದಿತ್ತು. ಎರೆಭೂಮಿಯ ತೇವದಲ್ಲಿ ನೀರಾವರಿಯಿಲ್ಲದೆ ಬೆಳೆಯುತ್ತಿದ್ದ ಜಯಧರದಂತಹ ನಾಟಿ ತಳಿಗಳು ಮೂಲೆಗುಂಪಾಗಿ ದೇಶದ ಹತ್ತಿ ಪ್ರದೇಶದ ಶೇಕಡ 90ಕ್ಕೂ ಹೆಚ್ಚು ಭಾಗವನ್ನು ಬಿಟಿ ಹೈಬ್ರಿಡ್‌ಗಳು ಆವರಿಸಿವೆ. ನೆಲದ ಮೇಲಿನ ಈ ಬದಲಾವಣೆಯ ಹಿಂದೆಯೂ ಹೆಚ್ಚು ಬೇಕು, ಬೇಗ ಬೇಕು, ಅಗ್ಗವಾಗಿ ಬೇಕು ಎಂಬ ಒತ್ತಡವಿದೆ.

ಅಗ್ಗವೆಂಬುದರ ಇನ್ನೊಂದು ಹೆಸರು ಪಾಲಿಯೆಸ್ಟರ್. ಜಗತ್ತಿನ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇಂದು ಅದರದ್ದೇ. ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಪಾಲಿಯೆಸ್ಟರ್ ಸೀರೆಯ ಎಳೆಯೂ ರಾಸಾಯನಿಕವಾಗಿ ಒಂದೇ ವಸ್ತು, ಎರಡೂ ಪೆಟ್ರೋಲಿಯಂನಿಂದ ಹುಟ್ಟಿದವು. ಪ್ಲಾಸ್ಟಿಕ್ ಚೀಲ ಬೇಡವೆಂದು ಜಾಥಾ ಹೊರಡುವ ಶಾಲಾ ಮಕ್ಕಳ ಮೈಮೇಲೂ ಹಲವು ಸಲ ಪ್ಲಾಸ್ಟಿಕ್ಕೇ ಇರುತ್ತದೆ. ಇಂತಹ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಚೂರುಗಳು ನೀರಿಗೆ ಇಳಿಯುತ್ತವೆ. ಕಡಲಿಗೆ ನೇರವಾಗಿ ಸೇರುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳಲ್ಲಿ ಸುಮಾರು ಶೇಕಡ 35ರಷ್ಟು ಕೃತಕ ಬಟ್ಟೆಗಳ ಒಗೆತದಿಂದ ಬರುತ್ತದೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜಿಸಿತು. ಪಟ್ಟಣದ ಕೊಳಚೆ ನೀರು ಒಂದಷ್ಟು ಶುದ್ಧೀಕರಣ ಘಟಕವನ್ನಾದರೂ ಹಾದು ಹೋಗಬಹುದು. ಮಲೆನಾಡಿನಲ್ಲಿ ಬಟ್ಟೆ ಒಗೆದ ನೀರು ನೇರವಾಗಿ ಹೊಂಡಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಶರಾವತಿ, ಅಘನಾಶಿನಿ, ತುಂಗೆಯರಿಗೆ ಸೇರುತ್ತದೆ.

ಬಣ್ಣದ ಕಥೆ ತಿಳಿಯಲು ನೆರೆಯ ತಿರುಪ್ಪೂರಿನತ್ತ ನೋಡಿದರೆ ಸಾಕು. ಅಲ್ಲಿಯ ಬಣ್ಣದ ಘಟಕಗಳ ತ್ಯಾಜ್ಯ ನೊಯ್ಯಲ್ ನದಿಯನ್ನು ಎಷ್ಟರಮಟ್ಟಿಗೆ ಕೆಡಿಸಿತೆಂದರೆ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯದ ನೀರನ್ನು ಹೊಲಕ್ಕೆ ಹಾಯಿಸಲಾಗದೆ ರೈತರೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪ ರಾಣಾ ಪ್ಲಾಝಾ ಕಟ್ಟಡ ಕುಸಿದು 1,134 ಜನ ಸತ್ತರು. ಅವರಲ್ಲಿ ಬಹುಪಾಲು ಸಿದ್ಧ ಉಡುಪು ಹೊಲಿಯುವ ಹೆಣ್ಣುಮಕ್ಕಳು. ಗೋಡೆಯಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ರಿಯಾಯಿತಿಯ ಫಲಕದಲ್ಲಿ ಬರೆದ ಬೆಲೆಯನ್ನು ಹೀಗೆ ಬೇರೆ ಯಾರೋ ತೆತ್ತಿರುತ್ತಾರೆ.

ಇಷ್ಟೆಲ್ಲದರ ನಡುವೆ ಮಲೆನಾಡಿಗೆ ಹೊರಗಿನಿಂದ ಪಾಠ ಕಲಿಯುವ ಅಗತ್ಯ ಅಷ್ಟಾಗಿಲ್ಲ. ಬಟ್ಟೆಯನ್ನು ಕೊನೆಯವರೆಗೆ ಬಳಸುವ ವಿದ್ಯೆ ಇಲ್ಲಿಯದೇ. ಒಂದು ನೂಲಿನ ಸೀರೆಯ ಬಾಳನ್ನು ಗಮನಿಸಿದರೆ ಅದು ತಿಳಿಯುತ್ತದೆ. ಮೊದಲು ಅದು ಹಬ್ಬದ ಸೀರೆ, ಅನಂತರ ನೆಂಟರ ಮನೆಯ ಸೀರೆ, ಬಣ್ಣ ಮಾಸಿದ ಮೇಲೆ ಮನೆಯಲ್ಲಿ ಉಡುವ ಸೀರೆ. ಅಂಚು ಸವೆದರೆ ಮಗಳ ಲಂಗ. ಇನ್ನೂ ಮೆತ್ತಗಾದರೆ ಬಾಣಂತಿಯ ಕೋಣೆಯಲ್ಲಿ ಕೂಸಿನ ಹಾಸು, ತೊಟ್ಟಿಲ ಜೋಲಿ. ಕೂಸಿನ ಮೈಗೆ ಹಳೆಯ ಬಟ್ಟೆಯೇ ಹಿತವೆಂದು ಹೊಸದನ್ನು ಬದಿಗಿಡುತ್ತಿದ್ದರು. ಮತ್ತೆ ಅದು ಕೌದಿಯ ಒಂದು ಪದರ. ಆಮೇಲೆ ಅಡಿಗೆಮನೆಯ ಮಸಿಅರಿವೆ, ನೆಲ ಒರೆಸುವ ತುಂಡು, ಕೊನೆಗೆ ಗೊಬ್ಬರಗುಂಡಿ. ಒಂದು ಹಂತದಿಂದ ಇನ್ನೊಂದಕ್ಕೆ ಇಳಿಯುವಾಗ ಮನೆಯ ಹೆಂಗಸರ ಕೈಯ ಕತ್ತರಿ, ಸೂಜಿ ಮತ್ತು ತೀರ್ಮಾನ ಅದರೊಡನೆ ಇರುತ್ತಿತ್ತು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು ಈ ವಿದ್ಯೆಯನ್ನು ಕಲೆಯ ಮಟ್ಟಕ್ಕೆ ಒಯ್ದಿದ್ದಾರೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನತ್ತ ಸಾಗುವ ಅವರ ಕೌದಿಗೆ ಮೊದಲೇ ಬರೆದ ನಕ್ಷೆಯಿರುವುದಿಲ್ಲ. ನಾಲ್ಕು ಮೂಲೆಗೂ ‘ಫೂಲ’ ಎಂಬ ಮಡಿಸಿದ ತುಂಡುಗಳನ್ನು ಹೊಲಿಯದೆ ಅದು ಪೂರ್ಣವೆನಿಸುವುದಿಲ್ಲ. ದೂರದ ದೇಶಗಳ ಪ್ರದರ್ಶನಗಳಲ್ಲಿ ಈ ಕೌದಿಗಳು ಗೌರವ ಪಡೆದಿವೆ. ಅದೇ ಹೊತ್ತಿನಲ್ಲಿ ಪಕ್ಕದ ಊರುಗಳ ಮನೆಗಳಿಗೆ ಕಾರ್ಖಾನೆಯ ಪಾಲಿಯೆಸ್ಟರ್ ಹೊದಿಕೆಗಳು ಬರುತ್ತಿವೆ. ಮಳೆಯಲ್ಲಿ ತಲೆಯ ಮೇಲೆ ಕೊಪ್ಪೆಯಾಗಿ, ರಾತ್ರಿ ಹೊದಿಕೆಯಾಗಿ ದಶಕಗಳ ಕಾಲ ಬಾಳುತ್ತಿದ್ದ ಕುರಿಉಣ್ಣೆಯ ಕಂಬಳಿಯ ಜಾಗದಲ್ಲಿ ಈಗ ಎರಡು ಮಳೆಗಾಲಕ್ಕೆ ಹರಿಯುವ ಪ್ಲಾಸ್ಟಿಕ್ ಕೋಟು ಇದೆ.

ಬದಲಾದದ್ದು ಬಟ್ಟೆಯಷ್ಟೇ ಆಗಿದ್ದರೆ ಇಷ್ಟು ಚಿಂತೆಯಿರಲಿಲ್ಲ. ತೇಪೆ ಹಾಕಿದ್ದನ್ನು ತೊಡುವುದು ನಾಚಿಕೆ ಎಂಬ ಭಾವನೆ ಬಂದಿದೆ. ಕಾಲರು ಸವೆದ ಅಂಗಿಯನ್ನು ದರ್ಜಿಯ ಬಳಿ ಒಯ್ದರೆ ಕಾಲರನ್ನು ಬಿಚ್ಚಿ, ತಿರುಗಿಸಿ, ಸವೆಯದ ಮಗ್ಗುಲನ್ನು ಮೇಲೆ ಮಾಡಿ ಹೊಲಿದುಕೊಡುತ್ತಿದ್ದ ಕಾಲವಿತ್ತು. ಇಂದಿನ ವಿದ್ಯಾರ್ಥಿಗಳಿಗೆ ಅಂಗಿಯ ಕಾಲರಿಗೆ ಎರಡು ಬಾಳು ಇರಬಹುದೆಂಬುದೇ ತಿಳಿದಿಲ್ಲ. ಒಂದು ಗುಂಡಿ ಉದುರಿದರೆ, ಜಿಪ್ಪು ಕೆಟ್ಟರೆ, ಉಳಿದೆಲ್ಲ ಗಟ್ಟಿಯಿರುವ ಉಡುಪು ಮೂಲೆ ಸೇರುತ್ತದೆ.

ಮೂಲೆ ಸೇರಿದ್ದು ಎಲ್ಲಿಗೆ ಹೋಗುತ್ತದೆ? ಪಟ್ಟಣದಲ್ಲಿ ಕಸದ ಗಾಡಿ ಕಣ್ಮರೆ ಮಾಡುತ್ತದೆ. ಹಳ್ಳಿಯಲ್ಲಿ ಮೂರು ದಾರಿಗಳಿವೆ. ಒಂದು, ಒಲೆಗೆ ಅಥವಾ ಅಂಗಳದ ಮೂಲೆಯ ಬೆಂಕಿಗೆ. ಪಾಲಿಯೆಸ್ಟರ್ ಸುಡುವ ಹೊಗೆಯನ್ನು ಬಚ್ಚಲ ಒಲೆಯ ಮುಂದೆ ಕುಳಿತ ಹೆಂಗಸರೂ ಮಕ್ಕಳೂ ಉಸಿರಾಡುತ್ತಾರೆ. ಎರಡು, ಹಂದಿ, ಜಿಂಕೆಗಳ ಕಾಟ ತಪ್ಪಿಸಲು ಗದ್ದೆಯ ಸುತ್ತ ಬೇಲಿಗೆ. ಹಳೆಯ ಸೀರೆಯ ಬೇಲಿ ಜಾಣತನದ ಮರುಬಳಕೆಯಂತೆ ಕಾಣುತ್ತದೆ. ಸೀರೆ ನೂಲಿನದಾಗಿದ್ದರೆ ಅದು ನಿಜವೂ ಹೌದು. ಪಾಲಿಯೆಸ್ಟರ್ ಸೀರೆ ಬಿಸಿಲಿಗೆ ಎಳೆಎಳೆಯಾಗಿ ಪುಡಿಯಾಗಿ ಗದ್ದೆಯ ಮಣ್ಣಿಗೇ ಸೇರುತ್ತದೆ. ಮೂರು, ನೀರಿಗೆ. ಯಾತ್ರಾಸ್ಥಳಗಳ ಸ್ನಾನಘಟ್ಟಗಳಲ್ಲಿ ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ಪಾಪ ಕಳೆಯುತ್ತದೆಂಬ ರೂಢಿ ಈಚೆಗೆ ಹಬ್ಬಿದೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿದಂಡೆಯಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರದಂತೆಯೂ ಭಕ್ತರು ಬಟ್ಟೆಗಳನ್ನು ನದಿಯಲ್ಲಿ ಬಿಡದಂತೆಯೂ ಕ್ರಮ ಕೈಗೊಳ್ಳಲು ಸೂಚಿಸಬೇಕಾಯಿತು. ಮೀನು, ಆಮೆಗಳಿಗೆ ಪುಣ್ಯಪಾಪದ ವ್ಯತ್ಯಾಸ ತಿಳಿಯದು.

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಣೆಗಳಿವೆ. ಅವನ್ನು ಕಡೆಗಣಿಸಿ ಮುಂದೆ ಹೋಗುವುದು ಪ್ರಾಮಾಣಿಕವೆನಿಸದು.

ಮೊದಲನೆಯದು ಘನತೆಯ ಪ್ರಶ್ನೆ. ತಲೆತಲಾಂತರದಿಂದ ಒಡೆಯರ ಮನೆಯ ಹಳೆಬಟ್ಟೆಯನ್ನೇ ತೊಡಬೇಕಾಗಿ ಬಂದವರಿಗೆ, ಹೊಸದನ್ನು ತೊಟ್ಟರೆ ನಿಂದನೆ ಕೇಳಬೇಕಾಗಿದ್ದವರಿಗೆ ಹೊಸ ಬಟ್ಟೆಯೆಂದರೆ ಆತ್ಮಗೌರವ. 1927ರಲ್ಲಿ ಮಹಾಡಿನಲ್ಲಿ ಡಾ. ಅಂಬೇಡ್ಕರರು ದಲಿತ ಮಹಿಳೆಯರನ್ನು ಉದ್ದೇಶಿಸಿ, ಜಾತಿಯ ಗುರುತಾಗಿ ಹೇರಲ್ಪಟ್ಟ ಉಡುಗೆಯ ರೀತಿಯನ್ನು ಬಿಡುವಂತೆ ಕರೆ ಕೊಟ್ಟದ್ದು ಇದೇ ಕಾರಣಕ್ಕೆ. ತೋಟದ ಕೂಲಿಗೆ ಹೋಗುವ, ಎರಡು ಜೊತೆ ಬಟ್ಟೆಯಲ್ಲಿ ಮಳೆಗಾಲ ಕಳೆಯುವ ಕುಟುಂಬಕ್ಕೆ ಕಡಿಮೆ ಕೊಳ್ಳಿ ಎಂದು ಉಪದೇಶಿಸುವುದು ಕ್ರೌರ್ಯ. ಕಡಿಮೆ ಕೊಳ್ಳಬೇಕಾದವರು ಕಪಾಟಿನ ಬಾಗಿಲು ಮುಚ್ಚಲಾಗದಷ್ಟು ತುಂಬಿಕೊಂಡಿರುವವರು. ಹಳೆಯದನ್ನು ಕೆಲಸದವರಿಗೆ ಕೊಟ್ಟು ಹೊಸದು ತರುವುದು ದಾನವೂ ಅಲ್ಲ, ಪರಿಸರ ಸೇವೆಯೂ ಅಲ್ಲ. ಹಂಚಿಕೊಳ್ಳುವುದು ಸಮಾನರ ನಡುವೆ, ಕೇಳಿ, ಒಪ್ಪಿಗೆಯಿಂದ ನಡೆದಾಗ ಮಾತ್ರ ಅದಕ್ಕೆ ಅರ್ಥವಿದೆ.

ಎರಡನೆಯದು ದುಡಿಮೆಯ ಪ್ರಶ್ನೆ. ಎಲ್ಲರೂ ಕಡಿಮೆ ಕೊಂಡರೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಲಕ್ಷಾಂತರ ಹೆಣ್ಣುಮಕ್ಕಳ, ನೇಕಾರರ ಗತಿಯೇನು? 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ರಸ್ತೆಗಿಳಿದು ಸರ್ಕಾರ ಅದನ್ನು ಹಿಂತೆಗೆಯುವಂತೆ ಮಾಡಿದರು. ದಶಕಗಳ ಕಾಲ ಬಟ್ಟೆಯ ಮಾರಾಟ ಏರಿದರೂ ಕೈಯಲ್ಲಿ ಉಳಿದ ಆಸರೆ ಆ ಸಣ್ಣ ನಿಧಿಯೊಂದೇ ಎಂಬುದನ್ನು ಅವರ ಸಿಟ್ಟು ಹೇಳುತ್ತಿತ್ತು. ಹೆಚ್ಚು ಮಾರಾಟದಿಂದ ಹೆಚ್ಚು ಕೂಲಿ ಬರುವುದೆಂಬ ನಂಬಿಕೆಗೆ ಆಧಾರ ಸಾಲದು. ವರ್ಷಕ್ಕೆ ಆರು ಅಗ್ಗದ ಉಡುಪು ಕೊಳ್ಳುವ ಹಣದಲ್ಲಿ ಎರಡು ಕೈಮಗ್ಗದ ಉಡುಪು ಕೊಂಡರೆ ಹಣದ ಹೆಚ್ಚಿನ ಪಾಲು ನೂಲುವ, ನೇಯುವ, ಬಣ್ಣ ಹಾಕುವ ಕೈಗಳಿಗೆ ಸೇರುತ್ತದೆ. ರಿಪೇರಿಯ ಕೆಲಸವಂತೂ ಊರಿನ ದರ್ಜಿಗೇ ಉಳಿಯುತ್ತದೆ. ಆದರೂ ಕೊಳ್ಳುವವರ ವಿವೇಕವೊಂದರಿಂದಲೇ ದುಡಿಯುವವರ ಕಷ್ಟ ತೀರದು. ಕೂಲಿ, ಕಾನೂನು, ತೆರಿಗೆಯ ಪ್ರಶ್ನೆಗಳನ್ನು ಅದರೊಡನೆಯೇ ಎತ್ತಬೇಕಾಗುತ್ತದೆ. 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿಯನ್ನು ವಿರೋಧಿಸಿ ರಂಗಕರ್ಮಿ ಪ್ರಸನ್ನ ಅವರು ಉಪವಾಸ ಕುಳಿತದ್ದು ಈ ಕಾರಣಕ್ಕೆ ಮುಖ್ಯವಾದ ಘಟನೆ.

ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಆರಂಭವಾದ ‘ಚರಕ’ ಮಹಿಳಾ ಸಹಕಾರ ಸಂಘ ಇನ್ನೊಂದು ಪಾಠವನ್ನೂ ಕಲಿಸಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ನೂಲಿಗೆ ಬಣ್ಣ ಹಾಕಬಹುದೆಂದು ಅದು ತೋರಿಸಿಕೊಟ್ಟಿತು. ಅಡಿಕೆ ಸುಲಿಯುವವರಿಗೆ ಚೊಗರಿನ ಕಲೆ ಹೋಗದೆಂಬುದು ಗೊತ್ತಿರುವ ಸಂಗತಿ. ಅದಕ್ಕೆಂದೇ ತೋಟದ ಬಟ್ಟೆ ಬೇರೆ ಇಡುತ್ತಾರೆ. ಹೋಗದ ಕಲೆಯೆಂದರೆ ಬಿಡದ ಬಣ್ಣವೆಂದೇ ಅರ್ಥ. ಚೊಗರಿನಲ್ಲಿರುವ ಟ್ಯಾನಿನ್ ಹತ್ತಿಯ ಎಳೆಗೆ ಗಟ್ಟಿಯಾಗಿ ಅಂಟುತ್ತದೆ. ಕಬ್ಬಿಣದ ಅಂಶ ಸೇರಿದರೆ ಕಂದು ಕಪ್ಪಿಗೆ ತಿರುಗುತ್ತದೆ. ಕೊಯ್ಲಿನ ಕಾಲದಲ್ಲಿ ಮಾಸಿದ ಬಿಳಿ ಅಂಗಿಯನ್ನೋ ಕಲೆಯಾದ ಪಂಚೆಯನ್ನೋ ಬಿಸಿ ಚೊಗರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದರೆ ಅದಕ್ಕೆ ಇನ್ನೆರಡು ವರ್ಷದ ಬಾಳು ದೊರೆಯುತ್ತದೆ.

ಇರುವ ಬಟ್ಟೆಯ ಆಯುಸ್ಸು ಹೆಚ್ಚಿಸುವುದರಿಂದ ಆಗುವ ಲಾಭ ಅಲ್ಪವಲ್ಲ. ಉಡುಪಿನ ಬಳಕೆಯನ್ನು ಒಂಬತ್ತು ತಿಂಗಳು ವಿಸ್ತರಿಸಿದರೆ ಅದರ ಇಂಗಾಲ, ನೀರು, ತ್ಯಾಜ್ಯದ ಹೊರೆ ಶೇಕಡ 20ರಿಂದ 30ರಷ್ಟು ಇಳಿಯುತ್ತದೆಂದು ಬ್ರಿಟನ್ನಿನ ‘ವ್ರಾಪ್’ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿತು. ಮಲೆನಾಡಿನಲ್ಲಿ ಬಟ್ಟೆಯ ಆಯುಸ್ಸಿಗೆ ದೊಡ್ಡ ಶತ್ರು ಮಳೆಗಾಲ. ಹತ್ತಿಯೆಂದರೆ ಸೆಲ್ಯುಲೋಸ್, ತೇವ ಸಿಕ್ಕರೆ ಅದು ಶಿಲೀಂಧ್ರಕ್ಕೆ ಊಟ. ಬೆವರು, ಕೊಳೆ ಮತ್ತು ಗಂಜಿ ಆ ಊಟವನ್ನು ಇನ್ನಷ್ಟು ರುಚಿಯಾಗಿಸುತ್ತವೆ. ಆದ್ದರಿಂದ ಮಳೆ ಹಿಡಿಯುವ ಮುನ್ನ ಒಮ್ಮೆ ಎಲ್ಲವನ್ನೂ ಒಗೆದು, ಗರಿಗರಿಯಾಗಿ ಒಣಗಿಸಿ, ಗಂಜಿ ಹಾಕದೆ ಒಳಗಿಡಬೇಕು. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಒಳಗೇ ಉಳಿಯುತ್ತದೆ, ಹಳೆಯ ನೂಲುಬಟ್ಟೆಯಲ್ಲಿ ಸುತ್ತಿಡುವುದೇ ಸರಿ. ಲಾವಂಚದ ಬೇರು, ಒಣ ಬೇವಿನೆಲೆ ಹುಳುವನ್ನು ದೂರವಿಡುತ್ತವೆ. ಮಳೆ ಹೊರಟ ಮೇಲೆ ನವರಾತ್ರಿಯ ಬಿಸಿಲಿಗೆ ಪೆಟ್ಟಿಗೆ ಖಾಲಿ ಮಾಡಿ ಗಾಳಿಯಾಡಿಸುವ ರೂಢಿಯನ್ನು ಬಿಡಬಾರದು. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿದರೆ ಬಿಸಿಲು ಬಣ್ಣವನ್ನು ತಿನ್ನುವುದಿಲ್ಲ. ಒಮ್ಮೆ ತೊಟ್ಟು ಕೊಳೆಯಾಗದ ಹೊರಉಡುಪನ್ನು ಗಾಳಿಗೆ ಹರವಿದರೆ ಸಾಕು, ಪ್ರತಿಸಲವೂ ಒಗೆಯುವ ಅಗತ್ಯವಿಲ್ಲ. ಹರಕು ಬೆರಳಿನಷ್ಟಿರುವಾಗಲೇ ರಫು ಮಾಡಿದರೆ ಅಂಗೈಯಷ್ಟಾಗುವುದು ತಪ್ಪುತ್ತದೆ.

ಕೊಳ್ಳುವುದನ್ನು ತಡೆಯಲು ಸರಳವಾದ ಉಪಾಯ ಎಣಿಕೆ. ಹೊಸದನ್ನು ಕೊಳ್ಳುವ ಮುನ್ನ ಕಪಾಟಿನಲ್ಲಿರುವುದನ್ನೆಲ್ಲ ಹೊರತೆಗೆದು ಎಣಿಸಿ, ಕಳೆದ ಒಂದು ವರ್ಷದಲ್ಲಿ ತೊಡದೆ ಉಳಿದವನ್ನು ಬೇರೆ ರಾಶಿ ಹಾಕಿದರೆ ಸಾಕು. ಆ ರಾಶಿಯಲ್ಲಿ ಗುಂಡಿ ಹಚ್ಚಿದರೆ, ಮಡಿಕೆ ಬಿಚ್ಚಿದರೆ, ಸೊಂಟ ಬಿಗಿಮಾಡಿದರೆ ತೊಡಬಹುದಾದವು ಎಷ್ಟೋ ಇರುತ್ತವೆ. ಹಾಗೆ ಮಾಡಿದ ಮನೆಯವರು ಆ ಸಲದ ಪೇಟೆಯ ಪ್ರಯಾಣವನ್ನು ಮುಂದೂಡುವುದೇ ಹೆಚ್ಚು. ಕೊಳ್ಳಲೇಬೇಕಾದಾಗ ಒಳಚೀಟಿ ಓದಿ, ಹೊಲಿಗೆ ಎಳೆದು ನೋಡಿ, ಮಕ್ಕಳದಾದರೆ ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿಸಬೇಕು. ಬೆಳೆಯುವ ಮಕ್ಕಳ ಬಟ್ಟೆ ಅಣ್ಣನಿಂದ ತಮ್ಮನಿಗೆ, ದೊಡ್ಡಮ್ಮನ ಮಗಳಿಂದ ಚಿಕ್ಕಮ್ಮನ ಮಗಳಿಗೆ ಸಾಗುವ ಸಂಪ್ರದಾಯಕ್ಕೆ ಮರಳುವುದರಲ್ಲಿ ಅವಮಾನವೇನೂ ಇಲ್ಲ.

ಊರಿನ ಮಟ್ಟದಲ್ಲಿ ಆಗಬೇಕಾದ ಬದಲಾವಣೆಗಳೂ ಇವೆ. ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ಮುತ್ತೈದೆಯರಿಗೆ ಕೊಡುವ ರವಿಕೆಕಣಗಳು ಇಂದು ಹೊಲಿಸಲು ಬಾರದಷ್ಟು ತೆಳುವಾದ ಪಾಲಿಯೆಸ್ಟರ್ ತುಂಡುಗಳು. ಒಂದು ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಸುತ್ತುತ್ತ ಕೊನೆಗೆ ಮೊದಲ ಮನೆಗೇ ಮರಳಿದ ಕಣಗಳ ಕಥೆ ಪ್ರತಿ ಊರಿನಲ್ಲಿಯೂ ಇದೆ. ಒಂದು ಒಳ್ಳೆಯ ನೂಲಿನ ಕರವಸ್ತ್ರವೋ ಹಣ್ಣಿನ ಗಿಡವೋ ಅದರ ಜಾಗಕ್ಕೆ ಬರಬಹುದು. ಸಭೆಗಳಲ್ಲಿ ಶಾಲು ಹೊದಿಸುವ ಸನ್ಮಾನವೂ ಇಂತಹುದೇ. ಪರಿಸರದ ಭಾಷಣಕ್ಕೆ ಬಂದ ಅತಿಥಿಗೆ ಪ್ಲಾಸ್ಟಿಕ್ ನೂಲಿನ ಶಾಲು ಹೊದಿಸುವ ವಿಪರ್ಯಾಸವನ್ನು ಚಳವಳಿಯ ವೇದಿಕೆಗಳಾದರೂ ಮೊದಲು ನಿಲ್ಲಿಸಬೇಕು. ಕಾಲೇಜುಗಳಲ್ಲಿ ಪ್ರವಾಸಕ್ಕೊಂದು, ಕ್ರೀಡಾಕೂಟಕ್ಕೊಂದು, ಶಿಬಿರಕ್ಕೊಂದು, ಬೀಳ್ಕೊಡುಗೆಗೊಂದು ಎಂದು ಒಂದೇ ದಿನ ತೊಡುವ ಟೀಶರ್ಟ್‌ಗಳನ್ನು ಹಂಚುವುದನ್ನು ವಿದ್ಯಾರ್ಥಿ ಸಂಘಗಳೇ ಮುಂದಾಗಿ ಕೈಬಿಡಬಹುದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವೂ ಸಾಧ್ಯ. ಮಣ್ಣಿನ ಜೀವಂತಿಕೆ ಅಳೆಯಲು ಕೃಷಿ ವಿಜ್ಞಾನಿಗಳು ಹತ್ತಿಯ ಬಟ್ಟೆಯನ್ನು ನೆಲದಲ್ಲಿ ಹೂಳುವ ವಿಧಾನವನ್ನು ಅನುಸರಿಸುತ್ತಾರೆ. ಅಂಗೈಯಗಲದ ಒಂದು ಹತ್ತಿಯ ತುಂಡು, ಅಷ್ಟೇ ಅಗಲದ ಒಂದು ಪಾಲಿಯೆಸ್ಟರ್ ತುಂಡನ್ನು ಮಳೆಗಾಲದ ಆರಂಭದಲ್ಲಿ ಅಡಿಕೆ ಮರದ ಬುಡದ ಸೊಪ್ಪುಗೊಬ್ಬರದಡಿ ಗೇಣು ಆಳದಲ್ಲಿ ಹೂತು, ಗುರುತಿನ ಗೂಟ ನೆಟ್ಟು, ಎರಡು ತಿಂಗಳ ನಂತರ ತೆಗೆದು ನೋಡಬೇಕು. ಸತ್ವವುಳ್ಳ ಮಣ್ಣಾಗಿದ್ದರೆ ಹತ್ತಿ ಜಾಳಾಗಿ, ಹರಿದು, ಬಹುಮಟ್ಟಿಗೆ ಮಣ್ಣಿನೊಡನೆ ಬೆರೆತಿರುತ್ತದೆ. ಪಾಲಿಯೆಸ್ಟರ್ ತುಂಡನ್ನು ತೊಳೆದರೆ ಹೂಳುವಾಗ ಇದ್ದ ಬಣ್ಣವೇ ಕಾಣಿಸುತ್ತದೆ. ಹತ್ತಿ ಕರಗದೆ ಉಳಿದರೆ ಬಟ್ಟೆಯ ಜೊತೆಗೆ ತೋಟದ ಮಣ್ಣಿನ ಬಗೆಗೂ ಯೋಚಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಶಾಲೆಯ ಪರಿಸರ ಸಂಘಗಳು ಬೇರೆಬೇರೆ ತೋಟ, ಗದ್ದೆ, ಬೆಟ್ಟಗಳಲ್ಲಿ ಇದನ್ನು ಮಾಡಿ ಫಲಿತಾಂಶವನ್ನು ಗ್ರಾಮಸಭೆಯ ಮುಂದಿಟ್ಟರೆ ಅದರಿಂದ ಆಗುವ ಅರಿವು ಭಾಷಣಗಳಿಂದ ಆಗಲಾರದು.

ಕುಸನೂರಿನ ಜನ ನೀಲಗಿರಿ ಕಿತ್ತ ಆ ದಿನ, ಬರಿದಾದ ಗುಂಡಿಗಳನ್ನು ಹಾಗೆಯೇ ಬಿಡದೆ ಬೇರೆ ಸಸಿ ನೆಟ್ಟು ಮನೆಗೆ ಮರಳಿದರು. ಕಪಾಟಿನ ವಿಷಯದಲ್ಲಿಯೂ ಆ ಎರಡು ಕೆಲಸಗಳು ಜೊತೆಯಾಗಿ ನಡೆಯಬೇಕು. ಕೊಳ್ಳುವ ಚಟವನ್ನು ಕಿತ್ತ ಜಾಗದಲ್ಲಿ ಸೂಜಿದಾರ, ದರ್ಜಿಯ ಅಂಗಡಿ, ಕೈಮಗ್ಗ, ಕೌದಿ, ಹಂಚಿಕೊಳ್ಳುವ ರೂಢಿ ಬೇರೂರಬೇಕು. ಈ ಆಷಾಢದಲ್ಲಿ ರಿಯಾಯಿತಿಯ ಫಲಕ ಕಂಡಾಗ ಮಲೆನಾಡಿಗರು ಒಮ್ಮೆ ಮನೆಗೆ ಮರಳಿ ಬಚ್ಚಲ ಒಲೆಯ ಮೇಲೆ ಒಣಗುತ್ತಿರುವುದನ್ನು ಎಣಿಸಲಿ. ಬೇಕಾದಷ್ಟು ಅಲ್ಲಿಯೇ ಇದೆಯೆಂದು ಅನೇಕರಿಗೆ ಮನವರಿಕೆಯಾದೀತು. ಚಳವಳಿಯ ಮೂರನೆಯ ಪದ ಆಗ ಮನೆಯ ಒಳಗಿನಿಂದಲೇ ಆಚರಣೆಗೆ ಬರುತ್ತದೆ.